ಶೆಫೀಲ್ಡಿನ ಹಿತ್ತಲಲ್ಲಿ ಟರ್ಕಿ ಕಂದೂರಿ

ಹೈದರಾಬಾದಿನ ದಾರಿ

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ ಬಗ್ಗೆ ಬರೆಯುತ್ತಾರೆ, ದೊಡ್ಡ ಗಡಿಯಾರದ ಬಗ್ಗೆ ಬರೆಯುತ್ತಾರೆ. ನಾನು ಅವೆರಡನ್ನೂ ನೋಡಲಿಲ್ಲ. ನೋಡಲಿಲ್ಲವಲ್ಲ ಎಂಬ ಹಳಹಳಿಯೂ ಇಲ್ಲ. ನಾನು ಹೋಗಿದ್ದು ಒಂದು ಕೂಸನ್ನು ಕರೆದುಕೊಂಡು ಬರಲಿಕ್ಕೆ. ಈ ಸಂಗತಿ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದಲ್ಲಿರುವ ನಮ್ಮ ಬೀಗರು-ಬಿಜ್ಜರಿಗೆಲ್ಲ ಗೊತ್ತು. ಮುಂದೇನಾಯಿತು ಎಂಬುದನ್ನು ಮಾತ್ರ ಒಬ್ಬೊಬ್ಬರು ಒಂದೊಂದು ರೀತಿ ಹೇಳಿಕೊಂಡು ತಿರುಗುತ್ತಿದ್ದಾರೆ. ಅದಕ್ಕೇ ನಾನೇ ಬರೆದುಬಿಡುತ್ತೇನೆ.

ಸಿಂದಗಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಖಾನಾವಳಿ ಇದೆ. ತಳ್ಳುಗಾಡಿಯಲ್ಲಿ ಅಂಡಾ ರೈಸ್ ಮಾರಿ ಶುರು ಮಾಡಿದ್ದು. ಇವತ್ತು ಕಲಬುರಗಿ ಬಸ್ಸಿನ ಡ್ರೈವರುಗಳು ನನ್ನಲ್ಲಿ ಖೀಮಾ-ರೊಟ್ಟಿ ಉಂಡೇ ಮುಂದಿನ ಗೇರ್ ಹಾಕುತ್ತಾರೆ. ನನ್ನ ತಂಗಿ ಕಸ್ತೂರಿ ಇಂಡಿಯಲ್ಲಿದ್ದಾಳೆ. ಅವಳ ಮಗಳು ಸವಿತಾ ಶೆಫೀಲ್ಡ್ ಎಂಬ ಊರಲ್ಲಿ ನರ್ಸ್. ಸವಿತಾಳ ಗಂಡ ಪರಶುರಾಮ ಮುದ್ದೇಬಿಹಾಳದ ಕಡೆಯವನು, ಅಲ್ಲಿ ಪಾರ್ಸೆಲ್ ಗೋದಾಮಿನಲ್ಲಿ ಕೆಲಸ. ಇವರ ಒಬ್ಬಳೇ ಮಗಳು ಅನ್ವಿ, ಏಳು ವರ್ಷ. ಕೂಸು ಸರಿಯಾಗಿ ಉಣ್ಣುತ್ತಿಲ್ಲ, ಸೊರಗುತ್ತಿದೆ, ಇಬ್ಬರಿಗೂ ಡ್ಯೂಟಿ, ನೋಡುವವರಿಲ್ಲ. ಹಾಗಾಗಿ ನಾಕು ವರ್ಷ ಇಂಡಿಯಲ್ಲಿ ಅಜ್ಜಿಯ ಹತ್ತಿರ ಬೆಳೆಯಲಿ ಎಂದು ಹಿರಿಯರು ಫೋನಿನಲ್ಲೇ ತೀರ್ಮಾನ ಮಾಡಿದ್ದರು. ಕಸ್ತೂರಿಗೆ ಮೊಣಕಾಲು ನೋವು. ಪಾಸ್‌ಪೋರ್ಟ್ ಇದ್ದವಳು ಮನೆತನದಲ್ಲಿ ನಾನೊಬ್ಬಳೇ. ಯಾವತ್ತಾದರೂ ಬೇಕಾದೀತು ಎಂದು ಮಾಡಿಸಿಟ್ಟುಕೊಂಡಿದ್ದೆ. ನೀವೂ ಮಾಡಿಸಿಟ್ಟುಕೊಳ್ಳಿ, ಅದೇನು ರೊಟ್ಟಿ ಕೇಳುವುದಿಲ್ಲ.

ಹೈದರಾಬಾದಿನಿಂದ ವಿಮಾನ ಹತ್ತಿ, ದುಬೈಯಲ್ಲಿ ಇಳಿದು, ಮತ್ತೆ ಹತ್ತಿ ಮ್ಯಾಂಚೆಸ್ಟರಿಗೆ ಬಂದೆ. ಅಲ್ಲಿ ಒಬ್ಬ ಎತ್ತರದ ಅಧಿಕಾರಿ ನನ್ನ ಬ್ಯಾಗು ತೆಗೆಸಿದ. ಗುರೆಳ್ಳು ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ ಬಿಚ್ಚಿ, ಇದೇನು ಎಂದು ಮೂಗಿನ ಹತ್ತಿರ ಒಯ್ದ. ಆಮೇಲೆ ಅವನು ಸೀನಿದ್ದು ಆ ಸಾಲಿನ ಕೊನೆಯವರಿಗೂ ಕೇಳಿಸಿರಬೇಕು. "ಬಾಯಾಗ ಹಾಕೋಬೇಕ್ರಿ ಅದನ್ನ, ಮೂಗಿನಾಗಲ್ಲ" ಎಂದು ಕೈಸನ್ನೆ ಮಾಡಿ ತೋರಿಸಿದೆ. ಕಣ್ಣೊರೆಸಿಕೊಂಡು, ಸಾರಿ ಅಂದು, ಮುಚ್ಚಳ ಹಾಕಿ ಕೊಟ್ಟ. ಸೀನಿದವನು ಅವನು, ಸಾರಿ ಹೇಳಿದವನೂ ಅವನೇ. ಈ ದೇಶದಲ್ಲಿ ವ್ಯಾಪಾರ ಸುಲಭ ಎಂದು ಅಲ್ಲೇ ಲೆಕ್ಕ ಹಾಕಿದೆ.

ಶೆಫೀಲ್ಡ್: ಗಾಜಿನ ಒಲೆ

ಶೆಫೀಲ್ಡ್ ಏರು-ಇಳಿಜಾರಿನ ಊರು. ನಮ್ಮ ಸಿಂದಗಿ ಕಡೆ ಎತ್ತ ನೋಡಿದರೂ ಎರೆ ನೆಲ, ಕಣ್ಣು ಹರಿಯುವಷ್ಟು ದೂರ ಸಪಾಟು. ಅಲ್ಲಿ ಹಾಲು ತರಲಿಕ್ಕೆ ಹೋದರೂ ಗುಡ್ಡ ಹತ್ತಬೇಕು. ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ, ಒಳಗಿನ ಮಂದಿಗೆ ಮಾತ್ರ ಒಬ್ಬರಿಗೊಬ್ಬರ ಪರಿಚಯವಿಲ್ಲ. ಬಸ್ಸಿನಲ್ಲಿ ನಾನು ಒಬ್ಬಾಕೆಯ ಕಾಲು ತುಳಿದೆ. ಆಕೆಯೇ ಸಾರಿ ಅಂದಳು.

ಸವಿತಾಳ ಅಡುಗೆಮನೆಯಲ್ಲಿ ಗಾಜಿನ ಒಲೆ. ಅಂಗಡಿಯಲ್ಲಿ ಮಾರಲಿಕ್ಕೆ ಇಟ್ಟ ಹಾಗೆ ಹೊಳೆಯುತ್ತಿತ್ತು. ಹೊಳೆಯುವ ಒಲೆ ಕಂಡರೆ ನನಗೆ ಸಂಶಯ. ಮೊದಲ ದಿನವೇ ಅದರ ಮೇಲೆ ಒಂದು ಒಗ್ಗರಣೆ ಕೊಟ್ಟೆ. ಸಾಸಿವೆ ಸಿಡಿಯುವಷ್ಟರಲ್ಲಿ ಮಾಡಿನಲ್ಲಿದ್ದ ಹೊಗೆಯ ಗಂಟೆ ಬಡಿದುಕೊಳ್ಳತೊಡಗಿತು. ಸವಿತಾ ಕುರ್ಚಿ ಹತ್ತಿ ಅದಕ್ಕೆ ಟವೆಲ್ ಬೀಸಿದಳು, ಕಿಟಕಿ ತೆರೆದಳು, ಬೇಲಿಯಾಚೆ ಪಕ್ಕದ ಮನೆಯ ಮುದುಕ ಮೈಕಲ್ ಕಂಡಕೂಡಲೇ ಮುಚ್ಚಿಬಿಟ್ಟಳು. ಹಿಂದೊಮ್ಮೆ ಆತ ಏನೋ ಸುಡುತ್ತಿದೆಯಾ ಎಂದು ಕೇಳಿದ್ದನಂತೆ. ಅವತ್ತಿನಿಂದ ಆ ಮನೆಯಲ್ಲಿ ಒಗ್ಗರಣೆ ಬಂದ್.

ಫ್ರಿಜ್ಜಿನಲ್ಲಿ ಮಾಂಸದ ಪೊಟ್ಟಣಗಳಿದ್ದವು. ಅಲ್ಲಿ ಖೀಮಾ ಎಂದರೆ ಹೆಚ್ಚಾಗಿ ದನದ್ದು, ನಮ್ಮವರು ತಿನ್ನುವುದಿಲ್ಲ. ಕೋಳಿಯದು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಗುವುದು ಟರ್ಕಿ ಕೋಳಿಯ ಖೀಮಾ. ಅದರಲ್ಲಿ ಕೊಬ್ಬು ಕಡಿಮೆ ಎಂದು ಡಾಕ್ಟರು ಪರಶುರಾಮನಿಗೆ ಅದನ್ನೇ ತಿನ್ನಲು ಹೇಳಿದ್ದರಂತೆ. ತಂದಿಟ್ಟಿದ್ದರು. ಬೇಯಿಸುವವರು ಯಾರು?

ದಿನಚರಿ ಹೀಗಿತ್ತು. ಪರಶುರಾಮ ನಸುಕಿನಲ್ಲಿ ಕೆಲಸಕ್ಕೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಾನೆ, ಸಾಲಿ ಬಿಟ್ಟ ಮೇಲೆ ಮಗಳನ್ನು ಕರೆತರುತ್ತಾನೆ. ಒಂದು ಬಟ್ಟಲಲ್ಲಿ ಅವಲಕ್ಕಿಯಂಥದ್ದೇನೋ ಹಾಕಿ ತಣ್ಣನೆಯ ಹಾಲು ಸುರಿದು ಮುಂದಿಡುತ್ತಾನೆ. ಅವಳು ಎರಡು ಚಮಚ ತಿಂದು, ಮಿಕ್ಕದ್ದು ಮೆತ್ತಗಾಗುವುದನ್ನು ನೋಡುತ್ತ ಕೂರುತ್ತಾಳೆ. ಕತ್ತಲಾಗುವಷ್ಟರಲ್ಲಿ ಸೋಫಾದ ಮೇಲೆ ನಿದ್ದೆ. ಸವಿತಾ ಎಂಟಕ್ಕೆ ಬಂದು, ಕೋಟೂ ಬಿಚ್ಚದೆ, ಮಲಗಿದ ಕೂಸನ್ನು ಎತ್ತಿ ಮೇಲೆ ಒಯ್ಯುತ್ತಾಳೆ. ಮಗಳ ಮುಖ ಎಚ್ಚರದಲ್ಲಿ ನೋಡುವುದು ರಜೆಯ ದಿನ ಮಾತ್ರ.

ನಾನು ಹೋಗಿ ಮೂರ್ನಾಲ್ಕು ದಿನಕ್ಕೆ, ಅನ್ವಿ ನನ್ನ ಬಳೆ ತಿರುಗಿಸುತ್ತ ಕೇಳಿದಳು: "ಆಯಿ, ನಿಮ್ಮ ಊರಾಗ ಮಮ್ಮಿ ಎಷ್ಟಕ್ಕ ಮನಿಗೆ ಬರ್ತಾಳ?"

ಮಮ್ಮಿ ಅಲ್ಲಿಗೂ ಬರುತ್ತಾಳೆ, ಸ್ವಲ್ಪ ತಡವಾಗಿ ಬರಬಹುದು ಅಷ್ಟೆ, ಎಂದು ಅದು ತಿಳಿದುಕೊಂಡಿತ್ತು. ಬಳೆ ಬಿಚ್ಚಿ ಅದರ ಕೈಗೆ ಕೊಟ್ಟೆ.

ಸವಿತಾ ಬಂದ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿ ಹೇಳಿದೆ, ನಾನು ಒಯ್ಯುವುದಿಲ್ಲ ಎಂದು. ಒಂದು ಹೊತ್ತಿನ ಬಿಸಿ ಅನ್ನ ಇಲ್ಲವೆಂದು ಕೂಸನ್ನು ದೇಶ ದಾಟಿಸುವವರನ್ನು ನಾನು ಕಂಡಿಲ್ಲ. ಸವಿತಾ ಅತ್ತಳು. ಅವಳಿಗೇನು ಕಳಿಸುವ ಆಸೆಯೇ? ನೀನು ಹೊರಡುವ ಮುಂಚಿನ ಭಾನುವಾರದೊಳಗೆ ಟಿಕೆಟ್ ತೆಗೆಸಬೇಕು, ಆಮೇಲೆ ಸೀಟು ಸಿಗುವುದಿಲ್ಲ, ನೀನು ಹೋದ ಮೇಲೆ ಮತ್ತೆ ಅದೇ ಹಾಲಿನ ಬಟ್ಟಲು, ಎಂದಳು.

ನಾನು ಪರಶುರಾಮನ ಕಡೆ ತಿರುಗಿದೆ. "ಅಳಿಯಂದ್ರ, ನೀವು ಮಧ್ಯಾಹ್ನಕ್ಕ ಮನಿಗೆ ಬರ್ತೀರಿ. ಒಲಿ ಐತಿ. ಖೀಮಾ ಐತಿ. ಏನು ಕಮ್ಮಿ ಐತ್ರಿ?"

"ನಮ್ಮ ಮನ್ಯಾಗ ಗಂಡಸರು ಅಡಗಿಮನಿಗೆ ಹೋದವರಲ್ರಿ, ಅತ್ತೀರ."

"ಮತ್ತ ನಿಮ್ಮೂರ ಕಂದೂರಿಗೆ ಯಾರು ಬೇಯಿಸ್ತಾರ್ರಿ?"

ತಿಳಿಯದವರಿಗೆ ಹೇಳುತ್ತೇನೆ. ಹರಕೆ ಹೊತ್ತವರು ದರ್ಗಾದ ಹತ್ತಿರ ಬಯಲಲ್ಲಿ ಮೂರು ಕಲ್ಲು ಹೂಡಿ, ಕುರಿ ಕೊಯ್ದು, ಬಂದವರಿಗೆಲ್ಲ ಉಣಿಸುವುದು ಕಂದೂರಿ. ನಮ್ಮ ಕಡೆ ಹಿಂದೂಗಳೂ ಮಾಡುತ್ತಾರೆ, ಮುಸ್ಲಿಮರೂ ಮಾಡುತ್ತಾರೆ. ಅಲ್ಲಿ ಸೌಟು ಹಿಡಿಯುವವರು ಗಂಡಸರೇ. ಹೆಂಗಸರು ಸುಮ್ಮನೆ ಕೂತು ಉಣ್ಣುವ ದಿನ ಅದೊಂದೇ.

ಪರಶುರಾಮನ ಮುಖ ಅರಳಿತು. "ಅದನ್ನ ನಾವ ಮಾಡ್ತೇವ್ರಿ. ನಮ್ಮ ಓಣ್ಯಾಗ ನನ್ನ ಕೈ ರುಚಿಗೇ ಮಂದಿ ಬರ್ತಿದ್ರು. ಆದ್ರ ಅದು ಹೊರಗ್ರಿ. ಬ್ಯಾರೆ."

ಹೊರಗೆ. ನನಗೆ ಅಷ್ಟೇ ಬೇಕಾಗಿತ್ತು.

ಭಾನುವಾರ: ಡಿಕ್ಕಿ ಸಂತೆ

ಅಲ್ಲಿ ಭಾನುವಾರ ಬೆಳಿಗ್ಗೆ ಒಂದು ಬಯಲಲ್ಲಿ ಮಂದಿ ಕಾರಿನ ಡಿಕ್ಕಿ ತೆರೆದು ಮನೆಯ ಹಳೆ ಸಾಮಾನು ಮಾರುತ್ತಾರೆ. ನೋಡಿದ ಕೂಡಲೇ ನನಗೆ ಊರಿಗೆ ಬಂದಂತಾಯಿತು. ಇಲ್ಲಿ ಚೌಕಾಸಿ ಮಾಡಬೇಡಿ ಎಂದು ಪರಶುರಾಮ ದಾರಿಯುದ್ದಕ್ಕೂ ಬೇಡಿಕೊಂಡಿದ್ದ. ಹೂಂ ಅಂದಿದ್ದೆ. ಹೂಂ ಅನ್ನಲಿಕ್ಕೆ ಏನು ಖರ್ಚು?

ಒಬ್ಬ ದಪ್ಪನೆಯ ಹೆಂಗಸಿನ ಹತ್ತಿರ, ಟೆಂಟ್ ಹಾಕಿಕೊಂಡು ಬಯಲಲ್ಲಿರುವವರು ಒಯ್ಯುವಂಥ ಸಣ್ಣ ಗ್ಯಾಸ್ ಒಲೆ ಇತ್ತು. ಓದುವವರು ಇದನ್ನು ನೆನಪಿಡಿ: ಬೇಕಾದ ವಸ್ತುವನ್ನು ಎಂದೂ ಮುಟ್ಟಬೇಡಿ. ನಾನು ಪಕ್ಕದ ಚಹಾದ ಕಿತ್ತಲಿ ಎತ್ತಿ, ತಿರುಗಿಸಿ, ಬುಡ ಬಡಿದು, ಮುಖ ಹುಳ್ಳಗೆ ಮಾಡಿ ಇಟ್ಟೆ. ಹೊರಟವಳಂತೆ ತಿರುಗಿ, ಒಲೆಯ ಕಡೆ ಬೆರಳು ತೋರಿಸಿ, ಆಕೆ ಹೇಳಿದ್ದರ ಅರ್ಧ ಹೇಳಿದೆ. ಆಕೆ ನಕ್ಕಳು. ನಾನು ನಗಲಿಲ್ಲ. ಮೂರು ಕಾರು ದಾಟಿ ಹೋಗುವಷ್ಟರಲ್ಲಿ ಹಿಂದಿನಿಂದ ಕರೆ ಬಂತು. ಭಾಷೆ ಬೇರೆಯಾದರೇನು, ಆ ಕರೆಯ ಧಾಟಿ ಎಲ್ಲ ಸಂತೆಯಲ್ಲೂ ಒಂದೇ.

ಒಲೆ ಕೈಗೆ ಬಂದ ಮೇಲೆ ಕೊಸರು ಕೇಳಿದೆ. ಆಕೆಗೆ ಅರ್ಥವಾಗಲಿಲ್ಲ. ಅಗಲದ ಒಂದು ಕಬ್ಬಿಣದ ಬಾಣಲೆಯನ್ನು ನಾನೇ ಒಲೆಯ ಮೇಲಿಟ್ಟು ಮಗ್ಗುಲಿಗೆ ಹಿಡಿದುಕೊಂಡೆ. ಆಗ ಅರ್ಥವಾಯಿತು. ಪರಶುರಾಮ ಅಷ್ಟುದೂರ ಹೋಗಿ, ನನಗೂ ತನಗೂ ಸಂಬಂಧವೇ ಇಲ್ಲದವನಂತೆ ಯಾರದೋ ಹಳೆ ಸೈಕಲ್ ನೋಡುತ್ತ ನಿಂತಿದ್ದ.

ಹಿತ್ತಲು: ಮೊದಲ ಕಂದೂರಿ

ಮರುದಿನ ಸಂಜೆ ಹಿತ್ತಲಿನ ಕಲ್ಲುಹಾಸಿನ ಮೇಲೆ ಒಲೆ ಹೂಡಿದ. ತಲೆಗೆ ಟವೆಲ್ ಸುತ್ತಿಕೊಂಡ. ಟವೆಲ್ ಸುತ್ತಿದ ಕೂಡಲೇ ಮನುಷ್ಯನೇ ಬೇರೆಯಾದ. ಗೋದಾಮಿನಲ್ಲಿ ಡಬ್ಬಿ ಎತ್ತಿಡುವ ಪರಶುರಾಮ ಹೋಗಿ, ಇಡೀ ಓಣಿಗೆ ಉಣಿಸುವ ಪರಶುರಾಮ ಬಂದ. ಅನ್ವಿ ಒಂದು ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಳು. ಅಪ್ಪನನ್ನು ಆ ವೇಷದಲ್ಲಿ ಅವಳು ನೋಡಿರಲಿಲ್ಲ.

ಆದರೆ ಆ ಕೈಗೆ ಗೊತ್ತಿದ್ದದ್ದು ಕುರಿಯ ಲೆಕ್ಕ. ಖಾರ ಮುಷ್ಟಿಯಲ್ಲಿ ಬಿತ್ತು. ಮೇಲೆ ಎಣ್ಣೆ ತೇಲುವ ತನಕ ಬೇಯಬೇಕು ಎಂದು ಕಾದ. ಕುರಿಯ ಮಾಂಸ ತನ್ನ ಎಣ್ಣೆ ತಾನೇ ಬಿಡುತ್ತದೆ. ಟರ್ಕಿ ಒಣ ಹಕ್ಕಿ, ಬಿಡಲಿಕ್ಕೆ ಅದರ ಹತ್ತಿರ ಏನಿದೆ? ನೀರು ಹಾಕಿದ, ಬೇಯಿಸಿದ, ಮತ್ತೆ ನೀರು ಹಾಕಿದ. ಕೊನೆಗೆ ಬಾಣಲೆಯಲ್ಲಿ ಉಳಿದದ್ದು ಕೆಂಪು ಗರಸು.

ಅಷ್ಟರಲ್ಲಿ ಬೇಲಿಯಾಚೆ ಮೈಕಲ್ ಬಂದು ನಿಂತ. ಕೈಯಲ್ಲಿ ದೊಡ್ಡದೊಂದು ಛತ್ರಿ. ಒಳಗಿದ್ದಿದ್ದರೆ ಸವಿತಾ ಅಲ್ಲೇ ಕುಸಿದಿರುತ್ತಿದ್ದಳು. ಅವಳಿನ್ನೂ ಬಂದಿರಲಿಲ್ಲ. ಮಳೆ ಬರುವ ಹಾಗಿದೆ, ಒಲೆಗೆ ಇದನ್ನು ಹಿಡಿಯಿರಿ ಎಂದು ಆತ ಛತ್ರಿ ದಾಟಿಸಿದ. ಕಂದೂರಿಗೆ ಬಂದವರನ್ನು ಉಣ್ಣದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಪರಶುರಾಮ ಎರಡು ಸಲ ಯೋಚಿಸದೆ ಒಂದು ಬಟ್ಟಲು ತುಂಬಿ ಬೇಲಿಯ ಮೇಲಿಂದ ಕೊಟ್ಟ. ಮೈಕಲ್ ಒಂದು ಚಮಚ ತಿಂದ, ಕಣ್ಣಲ್ಲಿ ನೀರು ಬಂತು, ಸಾರಿ ಅಂದ, ಮತ್ತೊಂದು ಚಮಚ ತಿಂದ. ಹಿಂದೆ ಈ ಮನೆಯಿಂದ ಒಳ್ಳೆ ವಾಸನೆ ಬರುತ್ತಿತ್ತು, ಯಾಕೋ ನಿಂತುಹೋಯಿತು ಎಂದು ಕೇಳಿದನೆಂದು ಪರಶುರಾಮ ನನಗೆ ಹೇಳಿದ. ಅಷ್ಟು ತಿಂಗಳು ಸಾಸಿವೆ ಡಬ್ಬಿ ಮುಚ್ಚಿಟ್ಟದ್ದು ಇಂಥವನಿಗೆ ಹೆದರಿ.

ಅನ್ವಿ ಒಂದು ಕಾಳು ಬಾಯಿಗೆ ಹಾಕಿಕೊಂಡು ತೆಗೆದಳು. "ಪಪ್ಪಾ, ಇದು ರಬ್ಬರ್ ಐತಿ." ಬರೀ ಅನ್ನ, ಹಸಿ ಗಜ್ಜರಿ (ಕ್ಯಾರೆಟ್) ತಿಂದಳು. ಆದರೆ ಮಲಗಲಿಲ್ಲ. ಎಂಟಕ್ಕೆ ಬಾಗಿಲು ತೆರೆದಾಗ ಸವಿತಾಳಿಗೆ ಎದುರಾದದ್ದು ಎಚ್ಚರವಿದ್ದ ಮಗಳು. ನನ್ನ ಲೆಕ್ಕದಲ್ಲಿ ಅವತ್ತಿನ ಕಂದೂರಿ ಸಂದಿತು.

ಕಿಟಕಿಯ ಪಾಠ

ಮರುದಿನದಿಂದ ನಾನು ಅಡುಗೆಮನೆಯ ಕಿಟಕಿಯ ಒಳಗೆ, ಅಳಿಯ ಹೊರಗೆ. ಅಲ್ಲಿಂದಲೇ ಪಾಠ. ನಿಮ್ಮ ಮನೆಯಲ್ಲೂ ದಣಿದು ಬರುವವರಿದ್ದರೆ ಇದನ್ನು ಕಲಿಸಿಬಿಡಿ.

ಮೊದಲು ಅಕ್ಕಿ ತೊಳೆದು ಕರೆಂಟ್ ಕುಕ್ಕರಿಗೆ ಹಾಕಿ. ಅದರ ಗುಂಡಿ ಒತ್ತುವ ಅಧಿಕಾರ ಮನೆಯ ಕೂಸಿನದು. ಅನ್ನ ಆಗುವುದರೊಳಗೆ ಮಿಕ್ಕದ್ದೆಲ್ಲ ಮುಗಿಯಬೇಕು. ಅಗಲ ಬಾಣಲೆ ಚೆನ್ನಾಗಿ ಕಾಯಲಿ. ಟರ್ಕಿಗೆ ಎಣ್ಣೆ ನಾವೇ ಕೊಡಬೇಕು, ಜಿಪುಣತನ ಬೇಡ. ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಉಳ್ಳಾಗಡ್ಡಿ. ಉಳ್ಳಾಗಡ್ಡಿ ಬಾಡಿದ ಮೇಲೆ ಖೀಮಾ ಹರಡಿ, ಕೈ ಕಟ್ಟಿ ನಿಲ್ಲಿ. ಕೂಡಲೇ ಕೆದಕಿದರೆ ನೀರು ಬಿಟ್ಟು ಬೆಳ್ಳಗಾಗುತ್ತದೆ. ಅಡಿ ಕೆಂಪಾದ ಮೇಲೆ ಸೌಟಿನಿಂದ ಒಡೆಯಿರಿ. ಒಳಗೆ ಹಸಿ ಗುಲಾಬಿ ಬಣ್ಣ ಎಲ್ಲೂ ಉಳಿಯಬಾರದು, ಅದು ಹೋದ ಮೇಲೆ ಬೇಯಿಸುತ್ತ ಕೂರಲೂಬಾರದು. ಅರಿಶಿನ, ಉಪ್ಪು, ಕೂಸಿನ ಪಾಲಿಗೆ ಚಿಟಿಕೆ ಖಾರ. ಹೆರೆದ ಗಜ್ಜರಿ, ಸಣ್ಣಗೆ ಹೆಚ್ಚಿದ ಕೋಸು, ಬಟಾಣಿ, ದೊಣ್ಣೆ ಮೆಣಸಿನಕಾಯಿ, ಮನೆಯಲ್ಲಿ ಏನಿದೆಯೋ ಅದು. ತರಕಾರಿ ಕಟುಂ ಅನ್ನುವಾಗಲೇ ಇಳಿಸಿ ಲಿಂಬೆ ಹಿಂಡಿ. ಬಟ್ಟಲಿಗೆ ಅನ್ನ, ಮೇಲೆ ಇದು. ದೊಡ್ಡವರು ಮೇಲಿಂದ ಗುರೆಳ್ಳು ಹಿಂಡಿ ಉದುರಿಸಿಕೊಂಡರೆ ಅವರ ಖಾರ ಅವರಿಗೆ. ಟರ್ಕಿ ಸಿಗದ ಊರಲ್ಲಿ ಕೋಳಿ ಖೀಮಾ ಆಗುತ್ತದೆ. ಮಾಂಸ ತಿನ್ನದವರು ನೆನೆಸಿ ಹಿಂಡಿದ ಸೋಯಾ ಹಾಕಲಿ.

ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕುವುದು ನನಗೆ ಮೊದಲು ಒಗ್ಗಲಿಲ್ಲ. ರೊಟ್ಟಿ ಮೊದಲು, ಅನ್ನ ಕೊನೆಗೆ. ಕಲಸಿಕೊಡುವುದು ಜ್ವರ ಬಂದವರಿಗೆ. ಇದು ಊಟವೋ ಔಷಧವೋ ಎಂದು ಸವಿತಾಳನ್ನು ಕೇಳಿಯೂ ಇದ್ದೆ. ಆದರೆ ಅನ್ವಿ ಆ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ಬೋರಲು ಬಕೆಟ್ಟಿನ ಮೇಲೆ ಕೂತು, ತಳ ಕೆರೆದು ತಿಂದಳು. ತಳ ಕೆರೆಯುವ ಸದ್ದು ಕೇಳಿದ ಮೇಲೆ ಖಾನಾವಳಿ ನಡೆಸುವವಳು ವಾದ ಮಾಡಬಾರದು. ತೊಳೆಯಲಿಕ್ಕೂ ಒಂದೇ ಪಾತ್ರೆ.

ಈ ನಡುವೆ ಇಂಡಿಯಿಂದ ಕಸ್ತೂರಿಯ ಫೋನು ದಿನಾ. ಟಿಕೆಟ್ ತೆಗೆಸಿದೆಯಾ, ಇಲ್ಲಿ ಸಾಲಿಗೆ ಮಾತಾಡಿದ್ದೇನೆ, ಯುನಿಫಾರ್ಮ್ ಹೊಲಿಸಿದ್ದೇನೆ. ನಾನು ಹಿತ್ತಲ ಕಥೆ ಹೇಳಿದೆ.

"ಅಳಿಯನ ಕೈಯಾಗ ಸೌಟು ಕೊಟ್ಟಿಯಲ್ಲಕ್ಕಾ. ಮಂದಿ ಏನಂದಾರು?"

"ಅನ್ನಲಿ. ಆ ಮಂದಿ ಕೂಸಿಗೆ ಉಣ್ಣಾಕ ಹಾಕ್ತಾರೇನು?"

ಫೋನ್ ಇಟ್ಟಳು. ಇಡಲಿ.

ಮಳೆ

ಆ ಊರಿನ ಮಳೆ ನಮ್ಮದರಂತೆ ಬಡಿದು ಹೋಗುವಂಥದ್ದಲ್ಲ. ಕೆಲಸವಿಲ್ಲದ ಬೀಗರ ಹಾಗೆ, ಬಂದರೆ ಕೂತೇಬಿಡುತ್ತದೆ. ಮೈಕಲನ ಛತ್ರಿಯ ಕೆಳಗೆ ಒಂದೆರಡು ದಿನ ನಡೆಯಿತು. ಆಮೇಲೆ ಗಾಳಿ ಎದ್ದು ಉರಿ ಆರಿಸತೊಡಗಿತು. ಒಲೆ ಗೋಡೆಯ ಮಗ್ಗುಲಿಗೆ ಬಂತು. ಅಲ್ಲಿಂದ ಹಿತ್ತಲ ಬಾಗಿಲಿನ ಮೆಟ್ಟಿಲಿಗೆ ಬಂತು. ಪರಶುರಾಮ ಕೊಡೆಯಂತೆ ಬಾಗಿ ನಿಂತು ಬೇಯಿಸಿದ. ಬೆನ್ನು ತೊಯ್ದರೂ ಹೊಸ್ತಿಲು ದಾಟಲಿಲ್ಲ. ಒಲೆಯನ್ನು ಒಳಗೆ ತರುವ ಹಾಗೂ ಇರಲಿಲ್ಲ. ಮುಚ್ಚಿದ ಜಾಗದಲ್ಲಿ ಹಚ್ಚಬಾರದು, ಅದರ ಗಾಳಿ ಕೆಟ್ಟದ್ದು ಎಂದು ಅದರ ಮೇಲೇ ಬರೆದಿತ್ತು.

ಶನಿವಾರ ಸಂಜೆ. ಮರುದಿನವೇ ಟಿಕೆಟ್ಟಿನ ಭಾನುವಾರ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಉಳ್ಳಾಗಡ್ಡಿ ಅರ್ಧ ಬಾಡಿದಾಗ ಉರಿ ಆರಿತು. ಹಚ್ಚಿದ, ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಒಳಗೆ ಕುಕ್ಕರಿನ ಗುಂಡಿ ಟಕ್ ಅಂದಿತು. ಅನ್ನ ಆಗಿಬಿಟ್ಟಿತ್ತು. ಅನ್ವಿ ಖಾಲಿ ಬಟ್ಟಲು ಹಿಡಿದು ಹೊಸ್ತಿಲ ಈ ಕಡೆ ನಿಂತಿದ್ದಳು. ಒಲೆಯನ್ನೇ ನೋಡುತ್ತ ನಿಂತಿದ್ದಳು.

ಪರಶುರಾಮ ಮಗಳನ್ನು ನೋಡಿದ, ಬಾಣಲೆ ನೋಡಿದ. ಬಾಣಲೆ ಎತ್ತಿಕೊಂಡು ಒಳಗೆ ಬಂದು ಗಾಜಿನ ಒಲೆಯ ಮೇಲೆ ಇಟ್ಟ.

ಚೌಕಾಸಿಯಲ್ಲಿ ಎದುರಿನವನು ಒಪ್ಪಿದ ಗಳಿಗೆಯಲ್ಲಿ ಅವನ ಮುಖ ನೋಡಬಾರದು. ನೋಡಿದರೆ ಮನಸ್ಸು ಬದಲಾಯಿಸುತ್ತಾನೆ. ನಾನು ತಿರುಗಿ, ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಮಡಚಿದೆ. ಹಿಂದೆ ಖೀಮಾ ಚುರ್ ಅಂದಿತು. ಹೊಗೆಯ ಗಂಟೆ ಬಡಿದುಕೊಂಡಿತು. ಅನ್ವಿ ಕುರ್ಚಿ ಹತ್ತಿ ಅದಕ್ಕೆ ಟವೆಲ್ ಬೀಸಿದಳು. ಅದು ಅಪ್ಪನ ತಲೆಯ ಟವೆಲ್.

ಸವಿತಾ ಬಂದಾಗ ಮೇಜಿನ ಮೇಲೆ ತಟ್ಟೆ ಮುಚ್ಚಿದ ಒಂದು ಬಟ್ಟಲಿತ್ತು. ಕೋಟು ಬಿಚ್ಚದೆ, ನಿಂತೇ ತಿಂದಳು. ಅನ್ವಿ ಪಕ್ಕದಲ್ಲಿ ನಿಂತು, ಯಾವ ತರಕಾರಿ ಯಾರು ಹೆಚ್ಚಿದ್ದು ಎಂದು ಪಾಠ ಒಪ್ಪಿಸಿದಳು. ಬಟ್ಟಲು ಖಾಲಿಯಾದ ಮೇಲೆ ಸವಿತಾ ಒಲೆಯ ಮೇಲೆ ಸಿಡಿದ ಎಣ್ಣೆ ನೋಡಿದಳು, ಗಂಡನನ್ನು ನೋಡಿದಳು. ನಾಳೆ ಟಿಕೆಟ್ ಏನು ಮಾಡೋಣ ಎಂದು ಕೇಳಿದಳು.

"ನಿನ್ನ ದೊಡ್ಡವ್ವನದು ಒಂದ ಐತಲ್ಲ," ಎಂದ ಪರಶುರಾಮ, ಬಾಣಲೆ ಉಜ್ಜುತ್ತ. "ಅಷ್ಟ ಸಾಕು. ಅನ್ವಿ ಇಲ್ಲೇ ಇರ್ತಾಳ."

ಸಿಂದಗಿ ಬಸ್‌ಸ್ಟ್ಯಾಂಡ್

ಕಲಬುರಗಿ ಬಸ್ಸಿನಿಂದ ಇಳಿದಾಗ ಕಸ್ತೂರಿ ನಿಂತಿದ್ದಳು. ಮೊಣಕಾಲು ಹಿಡಿದುಕೊಂಡು ಇಂಡಿಯಿಂದ ಬಂದಿದ್ದಳು, ಕೈಯಲ್ಲಿ ಯುನಿಫಾರ್ಮಿನ ಚೀಲ. ಟಿಕೆಟ್ ತೆಗೆಸಿಲ್ಲ ಎಂದು ಫೋನಿನಲ್ಲಿ ಹೇಳಿದ್ದೆ. ಆದರೂ ನನ್ನ ಹಿಂದೆ ಯಾರಾದರೂ ಇಳಿಯುತ್ತಾರೇನೋ ಎಂದು ಬಸ್ಸಿನ ಬಾಗಿಲನ್ನೇ ನೋಡಿದಳು.

ಖಾನಾವಳಿಗೆ ಕರೆದೊಯ್ದು ಚಹಾ ಕುಡಿಸಿದೆ. ಅಷ್ಟರಲ್ಲಿ ನಾಕು ಮಂದಿ ಬಂದು, ಕೂಸೆಲ್ಲಿ ಎಂದು ಕೇಳಿಯಾಗಿತ್ತು. ತಾಯಿಯ ಹತ್ತಿರ ಇದೆ, ಇನ್ನೆಲ್ಲಿರಬೇಕು ಎಂದೆ.

ಕಸ್ತೂರಿ ಚೀಲ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಇದನ್ನೇನು ಮಾಡಲಿ ಎಂದಳು.

"ಇಟ್ಟಿರು. ಬ್ಯಾಸಗಿ ಸೂಟಿಗೆ ಮೂವರೂ ಬರ್ತಾರ, ಹಾಕಿ ನೋಡು. ಅಳಿಯ ಬರೂದ್ರೊಳಗ ನಿನ್ನ ಹಿತ್ತಲಾಗ ಮೂರು ಕಲ್ಲು ಹೂಡಿಸು. ಮಗಳಿಗೆ ಬೇಯಿಸಿ ಹಾಕ್ತಾನ, ನಿನಗೂ ಹಾಕ್ತಾನ."

"ನಮ್ಮ ಓಣ್ಯಾಗ? ಎಲ್ಲಾರ ಎದುರಿಗೆ?" ಅವಳು ಚಹಾದ ಲೋಟ ಕೆಳಗಿಟ್ಟಳು. ದನಿ ತಗ್ಗಿಸಿ ಕೇಳಿದಳು: "ಅದಕ್ಕಿಂತ ಒಳಗ ಮಾಡಿದ್ರ ಆಗಾಂಗಿಲ್ಲೇನಕ್ಕಾ?"

"ಅವಸರ ಮಾಡಬ್ಯಾಡ," ಎಂದೆ. "ಒಂದು ಮಳಿ ಬರ್ಲಿ. ತಾನ ಒಳಗ ಬರ್ತಾನ."